ಕ್ಯಾಮೆರಾ ಪ್ರಶ್ನೋತ್ತರ: ಕುದುರೆಯ ಕಿವಿ, ಕಣ್ಣು ಮತ್ತು ಹಣೆಯ ಸುಳಿ

ಪ್ರಾಣಿಗಳ ಭಾವಚಿತ್ರದ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಕೇಳಿಕೊಂಡಾಗ ನಾಯಿ, ಬೆಕ್ಕು, ಹೆಚ್ಚೆಂದರೆ ಕಂಬಳದ ಕೋಣಗಳ ಬಗ್ಗೆ ಪತ್ರಗಳು ಬಂದಾವು ಎಂದು ಎಣಿಸಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಕುದುರೆಯವು. ನಮ್ಮ ಕರಾವಳಿಯಲ್ಲಿ ಕುದುರೆ ಮನೆಮನೆಯ ಪ್ರಾಣಿಯಲ್ಲ. ಕಡಲ ತೀರದ ಸವಾರಿಯಲ್ಲೋ ಮದುವೆಯ ದಿಬ್ಬಣದಲ್ಲೋ ಕಂಡಾಗ ಕೈ ತಾನಾಗಿ ಕ್ಯಾಮೆರಾದತ್ತ ಹೋಗುತ್ತದೆ. ಮನೆಗೆ ಬಂದು ನೋಡಿದರೆ ಕಂಡ ಕುದುರೆ ಚಿತ್ರದಲ್ಲಿ ಇರುವುದಿಲ್ಲ. ಪತ್ರಗಳ ದೂರು ಬಹುಪಾಲು ಇದೇ ಆದ್ದರಿಂದ ಈ ಸಲದ ಅಂಕಣವನ್ನು ಕುದುರೆಗೇ ಬಿಟ್ಟುಕೊಟ್ಟಿದ್ದೇನೆ.

ಸಂಜೆ ಬೀಚಿನಲ್ಲಿ ಕಪ್ಪು ಕುದುರೆಯೊಂದರ ಚಿತ್ರ ತೆಗೆದೆ. ಆಕಾಶ ಚೆನ್ನಾಗಿ ಬಂದಿದೆ, ಕುದುರೆ ಮಾತ್ರ ಮಸಿಯ ಮುದ್ದೆಯಾಗಿದೆ. ಎಡಿಟಿಂಗ್‌ನಲ್ಲಿ ನೆರಳನ್ನು ಎತ್ತಿದರೆ ಮೈಯೆಲ್ಲ ಬೂದಿ ಬಣ್ಣಕ್ಕೆ ತಿರುಗಿ ಕಾಳುಕಾಳಾಗುತ್ತದೆ. ಏನು ಮಾಡಲಿ? — ಸುರತ್ಕಲ್‌ನ ಓದುಗರು

ನಿಮ್ಮ ತೊಂದರೆ ಎಡಿಟಿಂಗ್‌ನದ್ದಲ್ಲ, ನೀವು ನಿಂತ ದಿಕ್ಕಿನದ್ದು. ನಮ್ಮ ಕಡಲು ಪಶ್ಚಿಮಕ್ಕಿದೆ. ಸಂಜೆ ನೀವು ಕಡಲಿಗೆ ಮುಖ ಮಾಡಿ ನಿಂತರೆ ಬೆಳಕೆಲ್ಲ ಕುದುರೆಯ ಹಿಂದಿರುತ್ತದೆ, ಕ್ಯಾಮೆರಾಕ್ಕೆ ಕಾಣುವುದು ಅದರ ನೆರಳಿನ ಮಗ್ಗುಲು. ಹೊಳೆಯುವ ಆಕಾಶವನ್ನು ಅಳೆದ ಕ್ಯಾಮೆರಾದ ಬೆಳಕಿನ ಮೀಟರ್ ಇಡೀ ಚಿತ್ರವನ್ನು ತಗ್ಗಿಸಿಬಿಡುತ್ತದೆ. ಮೊದಲೇ ಕಪ್ಪಾದ ಕುದುರೆಯ ಮೈಯಿಂದ ಸೆನ್ಸರ್‌ಗೆ ತಲುಪುವ ಬೆಳಕು ಅತ್ಯಲ್ಪವಾದ್ದರಿಂದ, ಅದನ್ನು ಎರಡು ಸ್ಟಾಪ್ (ಅಂದರೆ ನಾಲ್ಕು ಪಟ್ಟು) ಎತ್ತಿದಾಗ ಕೂದಲಿನ ವಿವರಕ್ಕಿಂತ ಮೊದಲು ನಾಯ್ಸ್, ಅಂದರೆ ನೀವು ಹೇಳಿದ ಆ ಕಾಳುಕಾಳು, ಮೇಲೆ ಬರುತ್ತದೆ.

ಕಡಲು ಹಿನ್ನೆಲೆಯಲ್ಲಿ ಇರಲೇಬೇಕೆಂದಿದ್ದರೆ ಬೆಳಿಗ್ಗೆ ಹೋಗಿ. ಸೂರ್ಯ ಗಾಳಿಮರಗಳ ಸಾಲಿನ ಮೇಲಿಂದ ನಿಮ್ಮ ಬೆನ್ನ ಹಿಂದೆ ಏರುತ್ತಾನೆ, ಕುದುರೆಯ ಮೈಮೇಲೆ ನೇರ ಬೆಳಕು ಬೀಳುತ್ತದೆ, ಕಡಲೂ ನೀಲಿಯಾಗಿಯೇ ಉಳಿಯುತ್ತದೆ. ಸಂಜೆಯೇ ಬೇಕೆಂದಾದರೆ ನನ್ನ ಮೆಚ್ಚಿನ ಹೊತ್ತು ಬೇರೆ: ಸೂರ್ಯ ಮುಳುಗಿದ ಮೇಲಿನ ಹತ್ತು ಹದಿನೈದು ನಿಮಿಷ. ಆಗ ಕಡಲಿಗೆ ನೀವು ಬೆನ್ನು ಹಾಕಿ, ಕುದುರೆಯನ್ನು ಕಡಲಿಗೆ ಮುಖ ಮಾಡಿ ನಿಲ್ಲಿಸಿ. ಪಡುವಣ ಆಕಾಶ ಇಡಿಯಾಗಿ ಒಂದು ದೊಡ್ಡ ಮೃದುದೀಪವಾಗುತ್ತದೆ, ಹಿಂದಿನ ಗಾಳಿಮರಗಳು ಕಪ್ಪಾಗತೊಡಗುತ್ತವೆ, ಕಣ್ಣಿನಲ್ಲಿ ಆಕಾಶದ ಪ್ರತಿಬಿಂಬ ಒಂದು ತೆಳುವಾದ ಪಟ್ಟಿಯಾಗಿ ನಿಲ್ಲುತ್ತದೆ. ಎಣ್ಣೆ ಅಭಿಷೇಕವಾದ ಕರಿಕಲ್ಲಿನ ವಿಗ್ರಹವನ್ನು ಗರ್ಭಗುಡಿಯ ಮಂದ ಬೆಳಕಿನಲ್ಲಿ ನೋಡಿದವರಿಗೆ ನಾನು ಹೇಳುವುದು ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಕಲ್ಲು ಕಾಣುವುದಿಲ್ಲ, ಕಲ್ಲಿನ ಉಬ್ಬಿನ ಮೇಲೆ ಹರಿದ ದೀಪದ ಹೊಳಪು ಕಾಣುತ್ತದೆ. ಕಪ್ಪು ಕುದುರೆಯ ಚಿತ್ರವೂ ಹಾಗೆಯೇ. ಭುಜ, ಕುತ್ತಿಗೆ, ದವಡೆಯ ಮೂಳೆಗಳ ಮೇಲೆ ಹೊಳಪು ಎಲ್ಲಿ ಕೂತಿದೆ ಎಂಬುದೇ ಆಕಾರವನ್ನು ಕೊಡುತ್ತದೆ. ಆದ್ದರಿಂದ ಚಿತ್ರ ತೆಗೆಯುವ ಮೊದಲು ಒಡೆಯರನ್ನು ಕೇಳಿಕೊಂಡು ಮೈಯನ್ನು ಚೆನ್ನಾಗಿ ಉಜ್ಜಿಸಿ. ಧೂಳು ಹಿಡಿದ ಮೈ ಹೊಳೆಯದು.

ಆ ಮಂದ ಬೆಳಕಿನಲ್ಲಿ ಸೆನ್ಸರಿನ ಬೆಳಕಿನ ಸಂವೇದನೆ, ಅಂದರೆ ಐಎಸ್‌ಒ 800 ಅಥವಾ 1600ಕ್ಕೆ ಏರಿಸಲು ಅಂಜಬೇಡಿ. 100ರಲ್ಲಿ ಕತ್ತಲಾಗಿ ತೆಗೆದು ಆಮೇಲೆ ಎತ್ತುವುದಕ್ಕಿಂತ 1600ರಲ್ಲಿ ಸರಿಯಾಗಿ ತೆಗೆದದ್ದು ಸ್ವಚ್ಛವಾಗಿರುತ್ತದೆ. ಕಡತ ರಾ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ) ಆಗಿರಲಿ. ಚೌಕಟ್ಟಿನ ತುಂಬ ಕಪ್ಪು ಮೈಯೇ ಇದ್ದರೆ ಮೀಟರ್ ಅದನ್ನು ಬೂದು ಮಾಡಲು ಹೊರಡುವುದರಿಂದ ಮೀಟರಿನ ಲೆಕ್ಕ ತಿದ್ದುವ ಎಕ್ಸ್‌ಪೋಶರ್ ಕಾಂಪನ್ಸೇಶನ್ ಅನ್ನು ಮೈನಸ್ 0.7ರ ಆಸುಪಾಸು ಇಡಿ. ಹಿಂದೆ ಹೊಳೆಯುವ ಆಕಾಶವಿದ್ದರೆ ಲೆಕ್ಕ ತಿರುಗುಮುರುಗು. ಎಡಿಟಿಂಗ್‌ನಲ್ಲಿ ನೆರಳಿನ ಸ್ಲೈಡರನ್ನು ಸ್ವಲ್ಪ ಎತ್ತಿದ ಮೇಲೆ ಕಡುಗಪ್ಪಿನ ಸ್ಲೈಡರಾದ ಬ್ಲ್ಯಾಕ್ಸ್ ಅನ್ನು ಮತ್ತೆ ಕೆಳಗಿಳಿಸಲು ಮರೆಯಬೇಡಿ. ಬೂದಿ ಬಳಿದಂತೆ ಕಾಣಲು ಕಾರಣ ಈ ಎರಡನೇ ಹೆಜ್ಜೆಯನ್ನು ಬಿಡುವುದೇ. ಆಕಾಶದ ನೀಲಿ ಬೆನ್ನಿನ ಮೇಲೆ ಕೂತಿದ್ದರೆ ಆ ಭಾಗಕ್ಕೆ ಮಾತ್ರ ಮಾಸ್ಕ್ ಹಾಕಿ ನೀಲಿಯ ಸ್ಯಾಚುರೇಶನ್ ಅರ್ಧದಷ್ಟು ತಗ್ಗಿಸಿ. ಪೂರ್ತಿ ತೆಗೆದರೆ ಮೈಯ ಹೊಳಪು ಸತ್ತುಹೋಗುತ್ತದೆ. ಬಿಸಿಲಿನಲ್ಲಿ ದಿನವಿಡೀ ನಿಲ್ಲುವ ಕಪ್ಪು ಕುದುರೆಯ ಕೂದಲು ಪಕ್ಕೆಯಲ್ಲಿ ಕಂದಿ ಕಂದುಬಣ್ಣವಾಗಿರುವುದುಂಟು. ಅದು ನಿಮ್ಮ ವೈಟ್ ಬ್ಯಾಲೆನ್ಸಿನ (ಬಣ್ಣದ ಸಮತೋಲನದ) ತಪ್ಪಲ್ಲ.

ಕೊನೆಗೊಂದು ಮಾತು. ಕಡಲ ಗಾಳಿಯ ಉಪ್ಪು ಲೆನ್ಸ್ ಮೇಲೆ ತೆಳುವಾಗಿ ಕೂತು ಹಿಂಬೆಳಕಿನ ಚಿತ್ರವನ್ನು ಮಂಕಾಗಿಸುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಗಾಜು ಗೀಚುತ್ತದೆ. ಮೊದಲು ಊದಿ, ಆಮೇಲೆ ಸಿಹಿನೀರಿನಲ್ಲಿ ಸ್ವಲ್ಪವೇ ತೇವ ಮಾಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿ.

ಹತ್ತಿರದಿಂದ ಮುಖ ತೆಗೆದರೆ ಮೂತಿ ದೊಡ್ಡದಾಗಿ, ಕಿವಿ ಚಿಕ್ಕದಾಗಿ ಕತ್ತೆಯ ವ್ಯಂಗ್ಯಚಿತ್ರದಂತೆ ಬರುತ್ತದೆ. ಕಿವಿಯೂ ಹಿಂದಕ್ಕೆ ಬಾಗಿರುತ್ತದೆ. ಮೊಬೈಲಿನಲ್ಲಿ ತೆಗೆಯುವುದೇ ತಪ್ಪೇ? — ಮಣಿಪಾಲದ ವಿದ್ಯಾರ್ಥಿನಿ

ಮೊಬೈಲ್ ತಪ್ಪಲ್ಲ, ಹತ್ತಿರ ಹೋದದ್ದು ತಪ್ಪು. ಕುದುರೆಯ ತಲೆ ಸುಮಾರು ಎರಡಡಿ ಉದ್ದ. ನೀವು ಮೂರಡಿ ದೂರದಲ್ಲಿ ಎದುರಿಗೆ ನಿಂತರೆ ಮೂತಿ ನಿಮಗೆ ಮೂರಡಿಯಲ್ಲೂ ಕಿವಿ ಐದಡಿಯಲ್ಲೂ ಇರುತ್ತದೆ, ಆದ್ದರಿಂದ ಮೂತಿ ಉಬ್ಬಲೇಬೇಕು. ಹದಿನೈದು ಇಪ್ಪತ್ತು ಅಡಿ ಹಿಂದೆ ಸರಿದು, ಮೊಬೈಲಿನಲ್ಲಿ ಟೆಲಿಫೋಟೊ ಲೆನ್ಸ್ ಇದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ಆಮೇಲೆ ಕತ್ತರಿಸಿಕೊಳ್ಳಿ. ಕ್ಯಾಮೆರಾ ಇರುವವರು 135ರಿಂದ 200 ಮಿಲಿಮೀಟರ್ ಲೆನ್ಸ್ ಬಳಸಲಿ. ಕಿಟ್‌ನೊಂದಿಗೆ ಬರುವ 55–250 ಲೆನ್ಸ್ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಮೊಬೈಲಿನ ಪೋರ್ಟ್ರೇಟ್ ಮೋಡ್ ಮನುಷ್ಯರ ಮುಖಕ್ಕೆ ಪಳಗಿದ್ದು, ಕುದುರೆಯ ಕಿವಿಯ ತುದಿಯನ್ನೂ ಗಾಳಿಗೆ ಹಾರುವ ಕೇಸರವನ್ನೂ ಹಿನ್ನೆಲೆಯೆಂದು ಬಗೆದು ಮಸುಕು ಮಾಡಿಬಿಡುವುದುಂಟು. ಅದನ್ನು ಬಂದ್ ಮಾಡಿ.

ಇಡೀ ಮೈಯ ಚಿತ್ರವಾದರೆ ಕ್ಯಾಮೆರಾ ಕುದುರೆಯ ಹೊಟ್ಟೆಯ ಮಟ್ಟಕ್ಕೆ ಇಳಿಯಬೇಕು. ನಿಂತ ಎತ್ತರದಿಂದ ತೆಗೆದರೆ ಕಾಲು ಮೊಟಕಾಗುತ್ತದೆ. ಪಕ್ಕದಿಂದ ನೋಡುವಾಗ ನಾಲ್ಕೂ ಕಾಲುಗಳು ಬೇರೆ ಬೇರೆಯಾಗಿ ಕಾಣುವಂತೆ ನಿಲ್ಲಿಸಿ. ಒಂದರ ಹಿಂದೆ ಒಂದು ಅಡಗಿದರೆ ಚಿತ್ರದಲ್ಲಿ ಎರಡು ಕಾಲಿನ ಕುದುರೆ ಉಳಿಯುತ್ತದೆ.

ಕಿವಿಯ ಮಾತಿಗೆ ಬರೋಣ. ಕುದುರೆಯ ಮನಸ್ಸು ಕಿವಿಯಲ್ಲಿದೆ. ಮುಂದಕ್ಕೆ ನಿಂತ ಕಿವಿ ಕುತೂಹಲದ್ದು, ಪಕ್ಕಕ್ಕೆ ಜೋತ ಕಿವಿ ತೂಕಡಿಕೆಯದ್ದು, ಹಿಂದಕ್ಕೆ ತಲೆಗಂಟಿಕೊಂಡ ಕಿವಿ ಸಿಟ್ಟಿನದ್ದು. ನಿಮ್ಮ ಚಿತ್ರದಲ್ಲಿರುವುದು ಮೂರನೆಯದಾಗಿದ್ದರೆ ದಯವಿಟ್ಟು ಇನ್ನೊಂದು ಚಿತ್ರಕ್ಕೆ ಪ್ರಯತ್ನಿಸದೆ ದೂರ ಸರಿಯಿರಿ. ಕಿವಿ ನಿಲ್ಲಿಸಲು ಸ್ನೇಹಿತರೊಬ್ಬರನ್ನು ಕುದುರೆ ನೋಡಬೇಕಾದ ದಿಕ್ಕಿನಲ್ಲಿ ನಿಲ್ಲಿಸಿ, ಡಬ್ಬಿಯಲ್ಲಿ ಒಂದು ಹಿಡಿ ಹುರುಳಿ ಹಾಕಿ ಮೆಲ್ಲಗೆ ಅಲ್ಲಾಡಿಸಲು ಹೇಳಿ. ಎರಡು ಸಲ ಕಿವಿ ಥಟ್ಟನೆ ನಿಲ್ಲುತ್ತದೆ, ಮೂರನೆಯ ಸಲಕ್ಕೆ ಅದು ಮೋಸವೆಂದು ಕುದುರೆಗೆ ಗೊತ್ತಾಗುತ್ತದೆ. ಹಾಗಾಗಿ ಫೋಕಸ್, ಎಕ್ಸ್‌ಪೋಶರ್ ಎಲ್ಲ ಸಿದ್ಧವಾದ ಮೇಲೆಯೇ ಡಬ್ಬಿ ಅಲ್ಲಾಡಲಿ, ಮುಗಿದ ಮೇಲೆ ಒಡೆಯರ ಒಪ್ಪಿಗೆ ಪಡೆದು ಆ ಹುರುಳಿಯನ್ನು ಅದಕ್ಕೇ ಕೊಟ್ಟುಬಿಡಿ. ಮಾರ್ವಾಡಿ ತಳಿಯ ಕುದುರೆ ಸಿಕ್ಕರಂತೂ ಈ ಕ್ಷಣವನ್ನು ಬಿಡಬಾರದು. ಅದರ ಕಿವಿಗಳು ಒಳಕ್ಕೆ ಬಾಗಿ, ಎರಡೂ ತುದಿಗಳು ಹೆಚ್ಚುಕಡಿಮೆ ಮುಟ್ಟಿ ಹಣೆಯ ಮೇಲೆ ಒಂದು ಕಮಾನು ಕಟ್ಟುತ್ತವೆ.

ಬಿಳಿ ಕುದುರೆಯ ಹೊಟ್ಟೆಯೆಲ್ಲ ಕೆಂಪಗೆ ಬಂದಿದೆ. — ಕುಂದಾಪುರದ ಓದುಗರು

ಕೆಂಪು ಮುರಕಲ್ಲಿನ ಅಂಗಳದಲ್ಲಿ ನಿಲ್ಲಿಸಿದ್ದೀರಿ. ನೆಲಕ್ಕೆ ಬಿದ್ದ ಬಿಸಿಲು ಕೆಂಪಾಗಿ ಪುಟಿದು ಹೊಟ್ಟೆಗೆ ತಾಗಿದೆ. ಹುಲ್ಲಿನ ಮೇಲೆ ನಿಲ್ಲಿಸಿದ್ದರೆ ಹಸಿರು ತಾಗುತ್ತಿತ್ತು. ಮರಳು ಎಲ್ಲಕ್ಕಿಂತ ಒಳ್ಳೆಯದು. ಎಡಿಟಿಂಗ್‌ನಲ್ಲಿ ಇಡೀ ಚಿತ್ರದ ವೈಟ್ ಬ್ಯಾಲೆನ್ಸ್ ತಿರುಗಿಸಬೇಡಿ, ಹೊಟ್ಟೆಯ ಭಾಗಕ್ಕೆ ಮಾತ್ರ ಮಾಸ್ಕ್ ಹಾಕಿ ಕೆಂಪು, ಕಿತ್ತಳೆಗಳನ್ನು ತಗ್ಗಿಸಿ. ತೆಗೆಯುವಾಗ ಪ್ಲಸ್ 0.7ರಿಂದ ಪ್ಲಸ್ 1ರಷ್ಟು ಎಕ್ಸ್‌ಪೋಶರ್ ಹೆಚ್ಚಿಸಿ, ಆದರೆ ಬೆನ್ನಿನ ಮೇಲಿನ ಬಿಳಿ ಸುಟ್ಟುಹೋಗದಂತೆ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ನೋಡಿಕೊಳ್ಳಿ. ಮೂತಿಯ ಗುಲಾಬಿ ಬಣ್ಣವನ್ನೂ ಸರಿಪಡಿಸಲು ಹೊರಟಿದ್ದೀರಿ ಎಂದು ಬರೆದಿದ್ದೀರಿ. ಬೇಡ. ನಮ್ಮಲ್ಲಿ ದಿಬ್ಬಣಗಳಿಗೆ ಬರುವ ನುಕ್ರಾ ಎಂಬ ಬಿಳಿ ಕುದುರೆಗಳ ಚರ್ಮವೇ ಗುಲಾಬಿ. ಹುಟ್ಟುವಾಗ ಕಪ್ಪಾಗಿಯೋ ಕಂದಾಗಿಯೋ ಇದ್ದು ವಯಸ್ಸಾದಂತೆ ಬೆಳ್ಳಗಾಗುವ ಕುದುರೆಗಳ ಮೂತಿ ಮಾತ್ರ ಕಪ್ಪು.

ಕುದುರೆಯ ಮುಖದ ಪಟ್ಟಿ, ಹಗ್ಗ, ಹಗ್ಗ ಹಿಡಿದವರು ಎಲ್ಲವನ್ನೂ ಅಳಿಸಿ ಕುದುರೆ ಒಂದೇ ನಿಂತಂತೆ ಮಾಡಲು ಪ್ರಯತ್ನಿಸಿದ್ದೇನೆ. ಚಿತ್ರ ಲಗತ್ತಿಸಿದೆ. ಏನೋ ಸರಿಯಿಲ್ಲ ಎನಿಸುತ್ತದೆ, ಏನೆಂದು ತಿಳಿಯುತ್ತಿಲ್ಲ. — ಕಾಪುವಿನ ಓದುಗರು

ನಿಮ್ಮ ಚಿತ್ರವನ್ನು ನನ್ನ ಮೇಜಿನ ಮೇಲಿಟ್ಟು ಎರಡು ದಿನ ನೋಡಿದೆ. ಮನುಷ್ಯರನ್ನು ಅಳಿಸಿದ್ದೀರಿ, ಆದರೆ ಮರಳಿನ ಮೇಲೆ ಅವರ ಉದ್ದನೆಯ ನೆರಳು ಇನ್ನೂ ಬಿದ್ದಿದೆ! ಕುದುರೆಯ ಎದೆಯ ಮೇಲೆ ಹಗ್ಗದ ನೆರಳೂ ಒಂದು ಕರಿಗೆರೆಯಾಗಿ ಉಳಿದಿದೆ. ನಿಮಗೆ ಸರಿಯಿಲ್ಲ ಎನಿಸಿದ್ದು ಇದೇ. ಅಳಿಸುವ ವಸ್ತುವಿನ ನೆರಳು, ಪ್ರತಿಬಿಂಬ, ಹೆಜ್ಜೆಗುರುತು ಈ ಮೂರನ್ನೂ ಮೊದಲು ಎಣಿಸಿಕೊಂಡು ಆಮೇಲೆ ಕೆಲಸಕ್ಕೆ ಕೂರುವುದು ನನ್ನ ರೂಢಿ. ತೇವ ಮರಳಿನಲ್ಲಿ ಪ್ರತಿಬಿಂಬವೇ ಹೆಚ್ಚು ಕಾಡುತ್ತದೆ.

ಇದರ ಮುಕ್ಕಾಲು ಪಾಲು ಶ್ರಮವನ್ನು ಅಲ್ಲಿಯೇ ಉಳಿಸಬಹುದಿತ್ತು. ಮುಖದ ಪಟ್ಟಿ ತೆಳುವಾಗಿ, ಕುದುರೆಯ ಮೈಬಣ್ಣಕ್ಕೆ ಹೊಂದುವಂತಿರಲಿ. ನೀವು ಅಳಿಸಿದ ಹಳದಿ ನೈಲಾನ್ ಪಟ್ಟಿ ತನ್ನ ಬಣ್ಣವನ್ನು ಕೆನ್ನೆಗೂ ಬಳಿದಿದೆ. ಹಗ್ಗವನ್ನು ಎದೆಗೆ ಅಡ್ಡವಾಗಿ ಎಳೆಯದೆ ದವಡೆಯಿಂದ ಹೊರಕ್ಕೆ, ಹಿನ್ನೆಲೆಯ ಕಡೆಗೆ ಹೋಗುವಂತೆ ಹಿಡಿಯಲು ಹೇಳಿ. ಆಕಾಶದ ಮೇಲಿನ ಹಗ್ಗವನ್ನು ಅರ್ಧ ನಿಮಿಷದಲ್ಲಿ ಅಳಿಸಬಹುದು, ಎದೆಯ ಮೇಲಿನದಕ್ಕೆ ಅರ್ಧ ಗಂಟೆ ಬೇಕು. ಕ್ಯಾಮೆರಾ ಸ್ಟ್ಯಾಂಡಿನ ಮೇಲಿದ್ದರೆ ಕುದುರೆಯೂ ಮನುಷ್ಯರೂ ಆಚೆ ಹೋದ ಮೇಲೆ ಅದೇ ಚೌಕಟ್ಟಿನ ಖಾಲಿ ಚಿತ್ರವೊಂದನ್ನು ತೆಗೆದಿಟ್ಟುಕೊಳ್ಳಿ. ಫೋಟೋಶಾಪ್‌ನಲ್ಲಿ ಅದನ್ನು ಕೆಳಗಿನ ಪದರವಾಗಿಟ್ಟು, ಮೇಲಿನ ಪದರದಲ್ಲಿ ಮನುಷ್ಯರಿರುವಲ್ಲಿ ಮಾಸ್ಕ್ ಹಾಕಿದರೆ ಕೆಳಗಿನಿಂದ ನಿಜವಾದ ಮರಳೇ ಕಾಣಿಸುತ್ತದೆ. ಆದರೆ ಹಗ್ಗವನ್ನು ಪೂರ್ತಿ ಬಿಚ್ಚಿ ತೆಗೆಯುವ ಸಾಹಸ ತೆರೆದ ಬೀಚಿನಲ್ಲಿ ಯಾವ ಕಾರಣಕ್ಕೂ ಬೇಡ. ಹಗ್ಗ ಇರುವುದು ಕುದುರೆಯ ಮತ್ತು ಮಕ್ಕಳ ಸುರಕ್ಷತೆಗೆ.

ಮುಖದ ಪಟ್ಟಿ ಅಳಿಸುವುದು ಕಷ್ಟದ ಕೆಲಸ, ಏಕೆಂದರೆ ಅದು ಕೆನ್ನೆಯ ಮೂಳೆಯನ್ನು ದಾಟುವಲ್ಲಿ ಕೂದಲಿನ ದಿಕ್ಕು ಬದಲಾಗುತ್ತದೆ. ಒಂದು ಕಡೆಯ ಮಾದರಿಯನ್ನು ಇನ್ನೊಂದು ಕಡೆ ಬಳಿಯುವ ಕ್ಲೋನ್ ಬ್ರಷ್ ಅನ್ನು ಪಟ್ಟಿಯ ಉದ್ದಕ್ಕೆ ಎಳೆಯಬೇಡಿ. ಕೂದಲು ಹೇಗೆ ಮಲಗಿದೆಯೋ ಆ ದಿಕ್ಕಿನಲ್ಲಿ, ಪಟ್ಟಿಯ ಪಕ್ಕದಿಂದಲೇ ಮಾದರಿ ತೆಗೆದುಕೊಂಡು ಸಣ್ಣ ಸಣ್ಣ ಗೀಟುಗಳಲ್ಲಿ ತುಂಬಿ, ಆಮೇಲೆ ಮೂಳೆಯ ಉಬ್ಬಿನ ನೆರಳು ಬೆಳಕನ್ನು ಮತ್ತೆ ಮೂಡಿಸಿ. ಬೆರಳ ತುದಿಯಲ್ಲಿ ಕೆಲಸ ಮುಗಿಸುವ ಎಐ ಸಲಕರಣೆಗಳು ಮರಳು, ಆಕಾಶಗಳಲ್ಲಿ ಚೆನ್ನಾಗಿ ನಡೆಯುತ್ತವೆ. ಮುಖದ ಮೇಲೆ ಅವು ಇಲ್ಲದ ಸುಕ್ಕನ್ನೂ ಕೆಲವೊಮ್ಮೆ ಇಲ್ಲದ ಕಿವಿಯನ್ನೂ ಹುಟ್ಟಿಸುತ್ತವೆ. ಸ್ಪರ್ಧೆಗೆ ಕಳುಹಿಸುವ ಚಿತ್ರವಾದರೆ ಏನನ್ನಾದರೂ ಅಳಿಸುವ ಮೊದಲು ನಿಯಮಗಳನ್ನು ಓದಿ.

ಹಗ್ಗದ ತಲೆನೋವಿಲ್ಲದೆ ಒಳ್ಳೆಯ ಮುಖಚಿತ್ರ ಬೇಕಿದ್ದರೆ ಬೀಚ್ ಬಿಟ್ಟು ಲಾಯಕ್ಕೆ ಹೋಗಿ. ಕುದುರೆಯನ್ನು ಬಾಗಿಲಿನ ಹೊಸ್ತಿಲಲ್ಲಿ, ಬಿಸಿಲು ತಾಗದ ಸೂರಿನ ನೆರಳಿನಲ್ಲಿ, ಮುಖ ಹೊರಕ್ಕಿರುವಂತೆ ನಿಲ್ಲಿಸಿ. ಹಿಂದಿನ ಕಿಟಕಿಗಳನ್ನು ಗೋಣಿಯಿಂದ ಮುಚ್ಚಿ. ಹೊರಗಿನ ಆಕಾಶದ ಬೆಳಕು ಮುಖಕ್ಕೆ ಬೀಳುತ್ತದೆ, ಒಳಗಿನ ಹತ್ತು ಹನ್ನೆರಡು ಅಡಿ ಕತ್ತಲೆ ಕರಿಪರದೆಯಾಗುತ್ತದೆ. ಎಡಿಟಿಂಗ್‌ನಲ್ಲಿ ಉಳಿದ ಬೂದುತನವನ್ನು, ಬೆಳಕು ಕತ್ತಲೆ ತಿದ್ದುವ ಕರ್ವ್‌ನಿಂದ ಕಪ್ಪಾಗಿಸಿದರೆ ಆಯಿತು. ಕುದುರೆಯನ್ನು ಕತ್ತರಿಸಿ ಕಪ್ಪು ಹಿನ್ನೆಲೆಗೆ ಅಂಟಿಸಬೇಡಿ, ಕೇಸರದ ಒಂದೊಂದು ಎಳೆಯೂ ಕತ್ತರಿಯ ಗುರುತನ್ನು ಹೇಳಿಬಿಡುತ್ತದೆ.

ಕಂಬಳದ ಚಿತ್ರಗಳನ್ನು ವರ್ಷಗಳಿಂದ ತೆಗೆಯುತ್ತಿದ್ದೇನೆ. ಓಡುವ ಕುದುರೆ ಮಾತ್ರ ನನ್ನ ಕೈಗೆ ಸಿಗುತ್ತಿಲ್ಲ. — ಮೂಡುಬಿದಿರೆಯ ಓದುಗರು

ಕಂಬಳದಲ್ಲಿ ನಿಮಗೆ ನೀರು ಉಪಕಾರ ಮಾಡುತ್ತದೆ. ಕೋಣಗಳ ಕಾಲು ಹೇಗಿದ್ದರೂ ಚಿಮ್ಮಿದ ಕೆಸರು ಅದನ್ನು ಮುಚ್ಚಿ ಚಿತ್ರಕ್ಕೆ ವೇಗ ಕೊಡುತ್ತದೆ. ಒಣನೆಲದ ಮೇಲೆ ಪಕ್ಕದಿಂದ ತೆಗೆದ ಕುದುರೆಗೆ ಆ ಮರೆ ಇಲ್ಲ, ಕಾಲುಗಳ ಜೋಡಣೆಯೇ ಚಿತ್ರ. ಹಳೆಯ ವರ್ಣಚಿತ್ರಗಳಲ್ಲಿ ಓಡುವ ಕುದುರೆಯ ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿಕೊಂಡು ನೆಲದಿಂದ ಮೇಲೆ ತೇಲುವುದನ್ನು ನೀವು ನೋಡಿರಬಹುದು. ಅದು ಸುಳ್ಳೆಂದು ತೋರಿಸಿದ್ದು ಎಡ್ವರ್ಡ್ ಮೈಬ್ರಿಜ್. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಅವರ ಕುದುರೆಯನ್ನು ಸಾಲಾಗಿ ಇಟ್ಟ ಕ್ಯಾಮೆರಾಗಳ ಮುಂದೆ ಓಡಿಸಿ ಅವರು ತೆಗೆದ ಚಿತ್ರಗಳಲ್ಲಿ, ನಾಲ್ಕೂ ಗೊರಸುಗಳು ನೆಲ ಬಿಟ್ಟಿರುವ ಕ್ಷಣ ಇದೆ ನಿಜ, ಆದರೆ ಆಗ ಕಾಲುಗಳು ಚಾಚಿಕೊಂಡಿಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಿವೆ.

ಸೆಕೆಂಡಿನ ಸಾವಿರದಲ್ಲೊಂದು ಭಾಗ ಅಥವಾ ಅದಕ್ಕಿಂತ ವೇಗದ ಶಟರ್ ಇಟ್ಟು ನಿರಂತರ ಮೋಡಿನಲ್ಲಿ ತೆಗೆಯಿರಿ. ಆಮೇಲೆ ಆರಿಸುವಾಗ ಕಾಲುಗಳು ಮಡಚಿದ ಕ್ಷಣ, ಇಲ್ಲವೇ ಮುಂಗಾಲೊಂದು ಪೂರ್ತಿ ಚಾಚಿದ ಕ್ಷಣ ಇವೆರಡನ್ನು ಇಟ್ಟುಕೊಂಡು ನಡುವಿನವನ್ನು ಬಿಡಿ. ನಡುವಿನ ಕ್ಷಣಗಳಲ್ಲಿ ಕುದುರೆ ಎಡವಿದಂತೆ ಕಾಣುತ್ತದೆ. ಕೋಣಗಳಿಗೆ ಕ್ಯಾಮೆರಾ ತಿರುಗಿಸಿ ಅಭ್ಯಾಸವಿರುವ ನಿಮಗೆ ಸೆಕೆಂಡಿನ 1/60 ಶಟರಿನಲ್ಲಿ ಪ್ಯಾನ್ ಮಾಡುವುದು (ಓಟದೊಂದಿಗೇ ಕ್ಯಾಮೆರಾ ತಿರುಗಿಸುವುದು) ಕಷ್ಟವಾಗದು. ಕಣ್ಣು ಸ್ಪಷ್ಟವಿದ್ದರೆ ಕಾಲು ಮಸುಕಾದರೂ ಚಿತ್ರ ನಿಲ್ಲುತ್ತದೆ.

ರಾತ್ರಿ ದಿಬ್ಬಣದಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಕುದುರೆಯ ಕಣ್ಣು ಹಸಿರಾಗಿ ಹೊಳೆಯುತ್ತದೆ. ಕೆಂಪುಕಣ್ಣು ತೆಗೆಯುವ ರೆಡ್ ಐ ಗುಂಡಿ ಒತ್ತಿದರೂ ಹೋಗುವುದಿಲ್ಲ. — ಮಂಗಳೂರಿನ ಸ್ಟುಡಿಯೊದವರೊಬ್ಬರ ಪತ್ರ

ಮನುಷ್ಯರ ಕಣ್ಣಿನಲ್ಲಿ ಫ್ಲ್ಯಾಶ್ ರಕ್ತನಾಳಗಳನ್ನು ಬೆಳಗುವುದರಿಂದ ಕೆಂಪು ಬರುತ್ತದೆ. ಕುದುರೆಯ ಕಣ್ಣಿನ ಹಿಂಭಾಗದಲ್ಲಿ ದನಕರುಗಳಿಗೆ ಇರುವಂತೆಯೇ ಬೆಳಕನ್ನು ಹಿಂದಿರುಗಿಸುವ ಪದರವಿದೆ, ಅದರ ಹೊಳಪು ಹಸಿರು, ನೀಲಿ. ಕೆಂಪನ್ನು ಹುಡುಕುವ ಸಲಕರಣೆಗೆ ಅದು ಸಿಗದು. ಪಾಪೆಯ ಒಳಗೆ ಮಾತ್ರ ಬ್ರಷ್ ಹಾಕಿ ಬಣ್ಣ ತೆಗೆದು ಕಪ್ಪಾಗಿಸಿ, ಒಂದು ಸಣ್ಣ ಬೆಳಕಿನ ಚುಕ್ಕಿ ಉಳಿಸಿ. ಪಾಪೆ ದುಂಡಗಲ್ಲ, ಅಡ್ಡಕ್ಕೆ ಉದ್ದ. ದುಂಡಗೆ ಮಾಡಿದರೆ ಮನುಷ್ಯರ ಕಣ್ಣು ಕುದುರೆಗೆ ಇಟ್ಟಂತಾಗುತ್ತದೆ. ಪಾಪೆಯ ಮೇಲಂಚಿನಲ್ಲಿ ಕಾಣುವ ಕರಿಯ ಗಂಟುಗಳನ್ನು ಕಸವೆಂದು ಅಳಿಸಬೇಡಿ, ಅವು ಎಲ್ಲ ಕುದುರೆಗಳ ಕಣ್ಣಿನಲ್ಲೂ ಇರುವ ಸಹಜ ಅಂಗ. ಮೊದಲ ಮಾತನ್ನು ಕೊನೆಗೆ ಹೇಳುತ್ತಿದ್ದೇನೆ: ಬ್ಯಾಂಡು, ಪಟಾಕಿಗಳ ನಡುವೆ ನಿಂತ ಪ್ರಾಣಿಯ ಮುಖಕ್ಕೆ ಫ್ಲ್ಯಾಶ್ ಹಾಕಲೇಬೇಡಿ. ಬೆನ್ನ ಮೇಲೆ ಮದುಮಗ ಕೂತಿರುತ್ತಾನೆ.

ಯಾವ ಸಾಫ್ಟ್‌ವೇರ್ ಒಳ್ಳೆಯದು? — ಬ್ರಹ್ಮಾವರದ ಓದುಗರು

ಕೈಗೆ ಪಳಗಿದ್ದು. ಲೈಟ್‌ರೂಮ್ ಸಾಕು, ಅಳಿಸುವ ಕೆಲಸಕ್ಕೆ ಫೋಟೋಶಾಪ್, ಹಣ ಕೊಡಲಾಗದಿದ್ದರೆ ಗಿಂಪ್ ಮತ್ತು ಡಾರ್ಕ್‌ಟೇಬಲ್.

ಭಾವಚಿತ್ರವನ್ನು ಎಷ್ಟರ ಮಟ್ಟಿಗೆ ತಿದ್ದಬಹುದು? — ಕಾರ್ಕಳದ ಓದುಗರು

ನೊಣ, ಹುಲ್ಲಿನ ಕಡ್ಡಿ, ಜೊಲ್ಲು, ಕೆಸರಿನ ಚುಕ್ಕಿಗಳನ್ನು ಧಾರಾಳವಾಗಿ ತೆಗೆಯಿರಿ. ಶಾರ್ಪ್‌ನೆಸ್ ಕಣ್ಣು, ರೆಪ್ಪೆ, ಹಣೆಯ ಮೇಲಿನ ಕೂದಲಿಗೆ ಮಾತ್ರ ಇರಲಿ. ಮೈಗೆಲ್ಲ ಹಾಕಿದರೆ ಕುದುರೆ ತೆಂಗಿನ ನಾರಿನಲ್ಲಿ ಮಾಡಿದಂತೆ ಕಾಣುತ್ತದೆ. ಅದರಾಚೆಗಿನದಕ್ಕೆ ನನ್ನದೇ ಒಂದು ತಪ್ಪನ್ನು ಹೇಳಬೇಕು.

ಹಲವು ವರ್ಷಗಳ ಹಿಂದೆ ಕಂದು ಕುದುರೆಯೊಂದರ ದೊಡ್ಡ ಭಾವಚಿತ್ರ ಮಾಡಿಕೊಟ್ಟಿದ್ದೆ. ಹಣೆಯ ನಡುವೆ ಕೂದಲು ಅಡ್ಡಾದಿಡ್ಡಿಯಾಗಿ ಎದ್ದಿತ್ತು, ಅದರ ಕೆಳಗೆ ಕಾಸಿನಷ್ಟು ಬಿಳಿ ಮಚ್ಚೆ. ಬೆವರಿಗೆ ಅಂಟಿದ ಸುಣ್ಣವೋ ಏನೋ ಎಂದು ಭಾವಿಸಿ ಎರಡನ್ನೂ ನಯವಾಗಿ ಸವರಿ ತೆಗೆದೆ. ಒಡೆಯರು ಚಿತ್ರವನ್ನು ಕೈಗೆತ್ತಿಕೊಂಡು ಹೆಬ್ಬೆರಳನ್ನು ಹಣೆಯ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಚಿತ್ರ ಭಾರೀ ಲಾಯ್ಕ ಉಂಟು ಮಾರಾಯ್ರೇ, ಆದರೆ ಇದು ನಮ್ಮ ಕುದುರೆ ಅಲ್ಲ" ಎಂದರು. ಅಡ್ಡಾದಿಡ್ಡಿ ಕೂದಲೆಂದು ನಾನು ಬಗೆದದ್ದು ಸುಳಿ. ನಮ್ಮ ದೇಶದಲ್ಲಿ ಕುದುರೆಯನ್ನು ಸುಳಿ ನೋಡಿಯೇ ಕೊಳ್ಳುವ ಪದ್ಧತಿ ಹಳೆಯದು, ಇಂದಿಗೂ ಕುದುರೆಯ ಗುರುತಿನ ದಾಖಲೆಗಳಲ್ಲಿ ಸುಳಿಯ ಜಾಗವನ್ನೂ ಬಿಳಿ ಮಚ್ಚೆಗಳನ್ನೂ ಬರೆಯುತ್ತಾರೆ. ಮನುಷ್ಯರ ಮುಖದ ಮೊಡವೆ ಅಳಿಸಿ ಅಭ್ಯಾಸವಾದ ನನ್ನ ಕೈ, ಒಡೆಯರು ಬೆಲೆ ಕೊಟ್ಟು ಕೊಂಡ ಗುರುತನ್ನೇ ಅಳಿಸಿತ್ತು. ಮೂಲ ಕಡತ ಇದ್ದುದರಿಂದ ನನ್ನ ಖರ್ಚಿನಲ್ಲಿ ಮತ್ತೆ ಮುದ್ರಿಸಿ ಕೊಟ್ಟೆ.

ಈಗ ಕ್ಯಾಮೆರಾ ಹೊರತೆಗೆಯುವ ಮೊದಲು ಒಡೆಯರೊಂದಿಗೆ ಕುದುರೆಯನ್ನು ಒಂದು ಸುತ್ತು ನೋಡಿ, ಡೈರಿಯಲ್ಲಿ ಬರೆದುಕೊಳ್ಳುತ್ತೇನೆ: ಹಣೆಯಲ್ಲಿ ಎಷ್ಟು ಸುಳಿ, ಯಾವ ಕಾಲಿಗೆ ಎಲ್ಲಿಯವರೆಗೆ ಬಿಳುಪು, ಜೀನು ಉಜ್ಜಿ ಬೆಳ್ಳಗಾದ ಕೂದಲು ಎಲ್ಲಿ, ಹಳೆಯ ಗಾಯ ಯಾವುದು. ಕಾಲಿನ ಒಳಮಗ್ಗುಲಲ್ಲಿರುವ ಒರಟು ಗಂಟುಗಳನ್ನೂ ಬರೆದುಕೊಳ್ಳುತ್ತೇನೆ, ಅವನ್ನು ಮಣ್ಣೆಂದು ಅಳಿಸಿದವರನ್ನು ಕಂಡಿದ್ದೇನೆ. ಗಾಯದ ಕಲೆಯನ್ನು ಇಡಬೇಕೋ ತೆಗೆಯಬೇಕೋ ಎಂದು ಅವರನ್ನೇ ಕೇಳುತ್ತೇನೆ. ಇಡಿ ಎನ್ನುವವರೇ ಹೆಚ್ಚು. ಎಡಿಟಿಂಗ್‌ಗೆ ಕೂರುವಾಗ ಆ ಪುಟ ಕಂಪ್ಯೂಟರಿನ ಪಕ್ಕದಲ್ಲಿ ತೆರೆದಿರುತ್ತದೆ.